ಮೆಟ್ಟಿಲ ಮೇಲೆ ಒಣಗಿದ ಕಾಡುಗಳು

ಮೊನ್ನೆ ಮಗಳಿಗೆ ಹೊಸ ಶೂ ತಂದೆ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಬಂತು. ಹೊಸ ರಬ್ಬರು, ಸರಬರ ಅನ್ನುವ ತೆಳು ಕಾಗದ, ರಟ್ಟಿನ ಅಂಟು, ಎಲ್ಲ ಕಲೆತ ವಾಸನೆ. ಶೂ ಕಾಲಿಗೆ ಹಿಡಿಯುತ್ತದೋ ಇಲ್ಲವೋ ಅಂತ ನೋಡುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಡಬ್ಬಿ. ಕಾಲಾಂಡು, ಅಂದರೆ ಮೂರು ತಿಂಗಳ ಪರೀಕ್ಷೆಯ ರಜೆ ಮುಗಿಯುವುದರೊಳಗೆ ಅದರಲ್ಲೊಂದು ಪ್ರಾಣಿಯ ವಾಸಸ್ಥಾನ ಮಾಡಿಕೊಂಡು ಹೋಗಬೇಕಂತೆ. ಡಯೊರಾಮಾ ಅಂತ ಅದಕ್ಕೆ ಹೆಸರು. ನಮ್ಮ ಕಾಲದಲ್ಲಿ ಅಷ್ಟು ದೊಡ್ಡ ಹೆಸರಿರಲಿಲ್ಲ. ಪೆಟ್ಟಿ ಪ್ರಾಜೆಕ್ಟ್ ಅನ್ನುತ್ತಿದ್ದೆವು.

ಇಲ್ಲಿ ತಿರುಪ್ಪೂರಿನಲ್ಲಿ ಅದೂ ಅಂಗಡಿಯಲ್ಲಿ ಸಿಗುತ್ತದೆ. ಕಾಡು ಬೇಕಾ, ಮರುಭೂಮಿ ಬೇಕಾ, ಕಡಲು ಬೇಕಾ ಅಂತ ಕೇಳುತ್ತಾರೆ. ಪ್ಲಾಸ್ಟಿಕ್ಕಿನ ಹುಲ್ಲು, ಪ್ಲಾಸ್ಟಿಕ್ಕಿನ ಹುಲಿ, ಅಂಟಿಸಲು ಅಂಟು, ಎಲ್ಲ ಒಂದೇ ಪೊಟ್ಟಣದಲ್ಲಿ. ತಂದೆತಾಯಿ ಕೂತು ಅಂಟಿಸುತ್ತಾರೆ, ಮಕ್ಕಳು ಎತ್ತಿಕೊಂಡು ಹೋಗುತ್ತಾರೆ. ನನಗದು ಆಗಿಬರುವುದಿಲ್ಲ. ಅತ್ತೆಯ ಕೈಕೆಳಗೆ ಕಲಿತವಳು ನಾನು, ಪೊಟ್ಟಣದ ಕಾಡು ತಂದರೆ ಅನ್ನ ಗಂಟಲಲ್ಲಿ ಇಳಿಯುತ್ತದೆಯೇ.

ಅತ್ತೆ ಅಂದರೆ ನನ್ನ ತವರೂರು ಸಿರುಮುಗೈಯಲ್ಲಿ ನಮ್ಮ ಎದುರುಮನೆಯವರು. ನೆಂಟಸ್ತಿಕೆ ಏನೂ ಇರಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಅವರು ಅತ್ತೆ, ಅವರ ಗಂಡ ಮಾಮ. ಇಬ್ಬರೂ ರೇಷ್ಮೆ ಸೀರೆ ನೇಯುತ್ತಿದ್ದರು. ಮನೆಯೊಳಗೆ ಅಕ್ಕಪಕ್ಕ ಎರಡು ಗುಂಡಿಮಗ್ಗ. ಮಕ್ಕಳಾಗಿರಲಿಲ್ಲ. ನಮ್ಮದು ಇಡೀ ಬೀದಿಯೇ ನೇಯುವವರ ಬೀದಿ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ. ಕೊಳ್ಳೇಗಾಲದ ಕಡೆಯವರನ್ನು ಮದುವೆಯಾದ ಮೇಲೆ ನಾನು ಈ ಅಕ್ಷರ ಕಲಿತೆ. ಈಗ ಬರೆದದ್ದನ್ನು ಅತ್ತೆಗೆ ಓದಿ ಹೇಳಬಹುದಿತ್ತು...

ನವರಾತ್ರಿ ಬಂದರೆ ಅತ್ತೆಯ ಮನೆಯ ಕೊಲು ನೋಡಬೇಕು. ಮೈಸೂರು ಕಡೆ ಗೊಂಬೆ ಕೂರಿಸುವುದು ಅಂತಾರಲ್ಲ, ಅದೇ. ಹಲಗೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಬಿಳಿ ಪಂಚೆ ಹಾಸಿ, ಮೇಲೆ ದೇವರುಗಳು, ಕೆಳಗೆ ಮದುವೆ ದಿಬ್ಬಣ, ಬೇಳೆಕಾಳಿನ ಅಂಗಡಿ ಇಟ್ಟುಕೊಂಡ ಚೆಟ್ಟಿಯಾರು. ಅದೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ. ಅತ್ತೆಯ ಕೈಚಳಕ ಕಾಣುತ್ತಿದ್ದದ್ದು ಮೆಟ್ಟಿಲ ಬುಡದಲ್ಲಿ, ನೆಲದ ಮೇಲೆ. ಅಲ್ಲೊಂದು ಕಾಡು ಮಾಡುತ್ತಿದ್ದರು. ರಾಗಿ ಬಿತ್ತಿ ಬರಿಸಿದ ಎಳೆ ಹುಲ್ಲು, ಕನ್ನಡಿ ಚೂರಿನ ಕೆರೆ, ಹೀರೆ ನಾರಿನ ಪೊದೆ, ಒಣ ಬಾಳೆಪಟ್ಟೆ ಸುತ್ತಿದ ಮರ. ಬೇರೆ ಮನೆಗಳಲ್ಲಿ ಸುಂಡಲ್, ಅಂದರೆ ಕಡಲೆಕಾಳಿನ ಉಸಲಿ, ಕೈಗೆ ಬಿದ್ದ ಕೂಡಲೇ ಓಡುತ್ತಿದ್ದ ನಾವು ಅತ್ತೆಯ ಮನೆಯಲ್ಲಿ ಮಾತ್ರ ನೆಲಕ್ಕೆ ಕೂತರೆ ಏಳುತ್ತಿರಲಿಲ್ಲ.

ಹಾಗಾಗಿ ಶಾಲೆಯಲ್ಲಿ ಪೆಟ್ಟಿ ಪ್ರಾಜೆಕ್ಟ್ ಶುರುವಾದಾಗ ಯಾರ ಹತ್ತಿರ ಹೋಗಬೇಕು ಅಂತ ನಾವು ಯೋಚಿಸಲೇ ಇಲ್ಲ. ಕೊಯಮತ್ತೂರಿನಿಂದ ಹೊಸದಾಗಿ ಒಬ್ಬ ವಿಜ್ಞಾನದ ಟೀಚರ್ ಬಂದಿದ್ದರು. ಪ್ರತಿ ವರ್ಷ ನವರಾತ್ರಿಯ ರಜೆಗೆ ಒಂದು ಶೂ ಡಬ್ಬಿ, ಒಂದು ಪ್ರಾಣಿ, ಅದರ ಮನೆ. ನಾನು ಆಗ ಐದನೇ ತರಗತಿ. ಬಜಾರಿನ ಚಪ್ಪಲಿ ಅಂಗಡಿಯಲ್ಲಿ ಗೋಗರೆದು ಖಾಲಿ ಡಬ್ಬಿ ತಂದೆ. ಮನೆಯ ಬಾಗಿಲಲ್ಲೇ ಅಜ್ಜಿ ತಡೆದಳು.

"ಕೆರ ಇಟ್ಟ ಪೆಟ್ಟೀನ ಮಗ್ಗದ ಮನೆಗೆ ತರ್ತೀಯಾ? ಪಳ್ಳಿಕೂಡದಲ್ಲಿ ಇದೇ ಕಲಿಸೋದಾ ನಿಂಗೆ? ಹೊರಗೆ ಬಿಸಾಕು."

ಅಜ್ಜಿಯ ಮಾತು ಸುಳ್ಳಲ್ಲ. ಮಗ್ಗ ನಮಗೆ ದೇವರು. ಮಗ್ಗವಿದ್ದ ಕಡೆ ಚಪ್ಪಲಿ ಸುಳಿಯಬಾರದು, ಚಪ್ಪಲಿಯ ಚಿತ್ರವಿದ್ದ ಡಬ್ಬಿಯೂ ಅವಳ ಲೆಕ್ಕದಲ್ಲಿ ಚಪ್ಪಲಿಯೇ. ಬೀದಿಯ ಎಲ್ಲ ಮನೆಗಳಲ್ಲೂ ಅದೇ ರಾಮಾಯಣ. ನಾವು ಮೂರ್ನಾಲ್ಕು ಹುಡುಗಿಯರು ಡಬ್ಬಿಗಳನ್ನು ತಬ್ಬಿಕೊಂಡು ಬೀದಿಯ ನಡುವೆ ಅಳುಮೋರೆ ಹಾಕಿಕೊಂಡು ನಿಂತಿದ್ದೆವು. ಅತ್ತೆ ಜಗಲಿಯಿಂದಲೇ ನೋಡಿದರು.

"ತಾ ಅಮ್ಮಣಿ ಇಲ್ಲಿ. ಪೆಟ್ಟಿಗೂ ಒಳಗು ಹೊರಗು ಅಂತ ಇರ್ತದಲ್ಲ. ತಿರುಗಿಸಿ ಹಾಕಿದ್ರೆ ಆಯ್ತು."

ಡಬ್ಬಿಯ ಮೂಲೆಗಳಿಗೆ ಬಿಸಿನೀರು ಸವರಿ, ಅಂಟು ಸಡಿಲವಾಗುವ ತನಕ ಕಾದು, ಇಡೀ ಡಬ್ಬಿಯನ್ನು ಹಪ್ಪಳದ ಹಾಗೆ ಚಪ್ಪಟೆ ಬಿಡಿಸಿದರು. ಆಮೇಲೆ ಅದೇ ಮಡಿಕೆಗಳನ್ನು ಹಿಂದುಮುಂದು ಮಾಡಿ ಕೂಡಿಸಿದರು. ಚಪ್ಪಲಿಯ ಚಿತ್ರ, ಅಂಗಡಿಯ ಹೆಸರು ಎಲ್ಲ ಒಳಕ್ಕೆ ಹೋಯಿತು, ಒಳಗಿನ ಬಿಳಿ ಹೊರಕ್ಕೆ ಬಂತು. ಮೇಲೊಂದಿಷ್ಟು ಅರಿಶಿನದ ನೀರು ಚಿಮುಕಿಸಿ, "ಈಗ ಇದು ಕೆರದ ಪೆಟ್ಟಿ ಅಲ್ಲ, ಹೋಗಿ ನಿಮ್ಮಜ್ಜಿಗೆ ತೋರ್ಸು" ಅಂದರು. ಅಜ್ಜಿ ಡಬ್ಬಿಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ಬಾಗಿಲು ಬಿಟ್ಟು ಸರಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಅತ್ತೆಯದು ಯಾವಾಗಲೂ ಆ ಜಾತಿಯ ಕೆಲಸ.

ಹಾಗಂತ ನಮ್ಮ ಕೆಲಸವನ್ನು ಅವರು ಮಾಡಿಕೊಡುತ್ತಿರಲಿಲ್ಲ. ಆ ಮೊದಲ ಡಬ್ಬಿ ತಿರುಗಿಸಿ ತೋರಿಸಿದ್ದೇ ಕೊನೆ, ಆಮೇಲೆ ನಮ್ಮ ಡಬ್ಬಿಗಳನ್ನು ಮುಟ್ಟಲಿಲ್ಲ. ಅವರು ಮಗ್ಗದಲ್ಲಿ ಕೂತು ಲಾಳಿ ಓಡಿಸುತ್ತಿದ್ದರು, ನಾವು ಪಕ್ಕದಲ್ಲಿ ನೆಲದ ಮೇಲೆ ಕೂತು ಮೈದಾ ಗೋಂದು ಮೈಕೈಗೆಲ್ಲ ಬಳಿದುಕೊಳ್ಳುತ್ತಿದ್ದೆವು. ಲಾಳಿಯ ಸದ್ದಿನ ನಡುವೆ ಪ್ರಶ್ನೆಗಳು ಬರುತ್ತಿದ್ದವು. ನಿನ್ನ ಮೊಲ ಬಿಸಿಲಲ್ಲಿ ಎಲ್ಲಿ ಕೂರ್ತದೆ ಅಮ್ಮಣಿ? ನಾಯಿ ಬಂದರೆ ಎಲ್ಲಿ ನುಗ್ತದೆ? ಉತ್ತರ ಗೊತ್ತಿಲ್ಲದಿದ್ದರೆ ಹೊರಗೆ ಹೋಗಿ ನೋಡಿಕೊಂಡು ಬರಬೇಕಿತ್ತು. ಭವಾನಿ ನದಿಯ ದಂಡೆಯಿಂದ ಮರಳು ಜೇಡಿ ತಂದೆವು, ಅತ್ತೆಯ ಮಗ್ಗದಡಿಯಿಂದ ತುಂಡು ರೇಷ್ಮೆ ಎಳೆ ಹೆಕ್ಕಿದೆವು. ಹಸಿರು ಎಳೆ ಬಳ್ಳಿಯಾಯಿತು, ನೀಲಿ ಎಳೆ ನದಿಯಾಯಿತು. ಒಂದು ಚೂರು ಜರಿ ಸಿಕ್ಕಿದವಳು ಅದನ್ನು ಬಿಸಿಲು ಅಂದಳು.

ನಾನು ಆನೆ ಮಾಡಿದ್ದೆ. ನಮ್ಮೂರಿನಲ್ಲಿ ಆನೆಗೇನು ಬರ. ಕಾಡಿನಿಂದ ಇಳಿದು ಬಾಳೆತೋಟಕ್ಕೆ ಬರುವುದು ವಾರವಾರದ ಸುದ್ದಿ. ಜೇಡಿಯ ಆನೆಯನ್ನು ಡಬ್ಬಿಯ ನಡುಮಧ್ಯೆ, ಮುಖ ನಮ್ಮ ಕಡೆಗೆ ಮಾಡಿ ನಿಲ್ಲಿಸಿದೆ. ಹುಲಿ ಮಾಡಿದವಳೂ ಹಾಗೇ ನಿಲ್ಲಿಸಿದಳು, ಮೊಲ ಮಾಡಿದವಳೂ ಹಾಗೇ. ಅದರಲ್ಲಿ ತಪ್ಪಿದೆ ಅಂತ ನಮಗೆ ಹೊಳೆಯಲೇ ಇಲ್ಲ, ಅತ್ತೆಗೂ ಹೊಳೆಯಲಿಲ್ಲ. ಕೊಲುವಿನಲ್ಲಿ ಕೂತ ಗೊಂಬೆ ಬಂದವರಿಗೆ ಬೆನ್ನು ತೋರಿಸಬಾರದು, ಅದು ಹುಟ್ಟಿದಾಗಿನಿಂದ ಕೇಳಿದ ಪಾಠ.

ಶಾಲೆಯಲ್ಲಿ ನಮ್ಮ ಬೀದಿಯ ಡಬ್ಬಿಗಳನ್ನೆಲ್ಲ ಸಾಲಾಗಿ ಇಟ್ಟಾಗ ಟೀಚರ್ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಹುಲಿ, ಮೊಲ, ಆನೆ, ನವಿಲು ಎಲ್ಲವೂ ನೆಟ್ಟಗೆ ನಿಂತು ಕುಂಕುಮಕ್ಕೆ ಕಾಯುತ್ತಿದ್ದವು. "ಇದು ಕಾಡಾ, ಕೊಲುವಾ?" ಅಂತ ಕೇಳಿದರು. ಇಡೀ ತರಗತಿ ನಕ್ಕಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಅತ್ತೆಗೆ ಹೇಗೆ ಹೇಳುವುದು ಅಂತ ಸಂಕಟವಾಯಿತು.

ಹೇಳಿದರೆ ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. ಲಾಳಿ ನಿಲ್ಲಿಸಿ, ನನ್ನ ಡಬ್ಬಿಯನ್ನು ಎದುರಿಗೆ ಇಡಿಸಿಕೊಂಡು ಸುಮಾರು ಹೊತ್ತು ನೋಡಿದರು. ಆಮೇಲೆ ಅವರಿಗೇ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು, ಪಕ್ಕದ ಮಗ್ಗದಲ್ಲಿದ್ದ ಮಾಮನನ್ನೂ ಕರೆದು ತೋರಿಸಿದರು.

"ನಿಮ್ಮ ಟೀಚರ್ ಹೇಳಿದ್ದು ಸರಿ ಅಮ್ಮಣಿ. ನನ್ನ ಬುದ್ಧಿ ಕೊಲುವಿನಲ್ಲೇ ಕೂತುಬಿಟ್ಟಿತ್ತು. ಆನೆ ಯಾವತ್ತಾದ್ರೂ ನಮ್ಮನ್ನ ನೋಡೋಕೆ ಬಂದಿದೆಯಾ? ಅದು ಬರೋದು ಬಾಳೆ ನೋಡೋಕೆ."

ಮರುವರ್ಷದಿಂದ ನಮ್ಮ ಬೀದಿಯ ಡಬ್ಬಿಗಳೇ ಬೇರೆಯಾದವು. ನನ್ನ ಹುಲಿಯ ಬಾಲ ಮಾತ್ರ ಪೊದೆಯ ಹೊರಗೆ ಕಾಣುತ್ತಿತ್ತು. ಇನ್ನೊಬ್ಬಳ ಮುಂಗುಸಿ ಬಿಲದೊಳಗೆ ಅರ್ಧ ಹೋಗಿತ್ತು. ಟೀಚರ್ ಪ್ರತಿಯೊಂದಕ್ಕೂ ಬಗ್ಗಿ ಬಗ್ಗಿ ನೋಡಿದರು. ದೊಡ್ಡವರು ತಪ್ಪನ್ನು ನಗುತ್ತಾ ಒಪ್ಪಿಕೊಂಡದ್ದನ್ನು ನಾನು ಮೊದಲು ನೋಡಿದ್ದು ಅತ್ತೆಯಲ್ಲಿ. ನಮ್ಮ ಮನೆಯಲ್ಲಿ ದೊಡ್ಡವರು ತಪ್ಪೇ ಮಾಡುತ್ತಿರಲಿಲ್ಲ, ಕೇಳಿ ನೋಡಿ ಬೇಕಾದರೆ.

ಆ ವರ್ಷ ಕಳೆದು ಮುಂದಿನ ಆಡಿ, ಅಂದರೆ ಆಷಾಢ ತಿಂಗಳಲ್ಲಿ ಮಾಮ ಹೋದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು, ಅದನ್ನು ಅತ್ತೆಯೇ ಮುಗಿಸಿದರು. ಆ ನವರಾತ್ರಿಗೆ ಕೊಲು ಇಡಲಿಲ್ಲ. ಸಾವಾದ ಮನೆಯಲ್ಲಿ ಆ ವರ್ಷ ಇಡುವುದಿಲ್ಲ, ಅದನ್ನು ಯಾರೂ ವಿಶೇಷ ಅನ್ನಲಿಲ್ಲ. ಅದರ ಮುಂದಿನ ವರ್ಷ ಅತ್ತೆಯ ಓರಗಿತ್ತಿ ಬಂದರು. ಮಾಮನ ಅಣ್ಣನ ಹೆಂಡತಿ, ಬೀದಿಯ ತುದಿಯ ಮನೆಯವರು. ಕೆಟ್ಟವರೇನಲ್ಲ, ಮೆತ್ತಗೇ ಹೇಳಿದರಂತೆ. ಸುಮಂಗಲಿ ಇಲ್ಲದ ಮನೆಯಲ್ಲಿ ಕೊಲು ಇಟ್ಟರೆ ಕುಂಕುಮ ಕೊಡುವವರು ಯಾರು, ತೊಗೊಳ್ಳುವುದಕ್ಕೆ ಬರುವವರು ಯಾರು, ದೇವರ ಗೊಂಬೆಗಳು ಟ್ರಂಕಿನಲ್ಲಿ ಕತ್ತಲೆಯಲ್ಲಿ ಇರುವುದು ಬೇಡ ಅಂತ. ಟ್ರಂಕು ಬೀದಿಯ ತುದಿಯ ಮನೆಗೆ ಹೋಗುವುದನ್ನು ನಾವು ಜಗಲಿಯಿಂದ ನೋಡಿದೆವು. ಖಾಲಿ ಹಲಗೆಗಳು ಮಾತ್ರ ಅತ್ತೆಯ ಮನೆಯಲ್ಲಿ ಉಳಿದವು.

ಆ ನವರಾತ್ರಿಯ ಸಂಜೆಗಳು ನನಗೆ ಚೆನ್ನಾಗಿ ನೆನಪಿವೆ. ಹೆಂಗಸರು ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು ಬೀದಿಯ ತುದಿಗೆ ಹೋಗುತ್ತಿದ್ದರು. ಅತ್ತೆಯ ಮನೆಯ ಬಾಗಿಲು ಮುಚ್ಚಿರುತ್ತಿತ್ತು. ಒಳಗಿನಿಂದ ಮಗ್ಗದ ಸದ್ದು. ಕರೆಯಲು ಯಾರಾದರೂ ಬಂದರೆ ಕೆಲಸವಿದೆ ಅನ್ನಬಹುದು, ಯಾರೂ ಬಾರದಿದ್ದರೂ ಕೆಲಸವಿದೆ ಅಂದುಕೊಳ್ಳಬಹುದು. ಯಾರೂ ಬರುತ್ತಿರಲಿಲ್ಲ. ವರ್ಷವಿಡೀ ಅವರ ಜಗಲಿಯಲ್ಲಿ ಕೂತು ಹರಟುವವರೇ ಆ ದಿನಗಳಲ್ಲಿ ಆ ಬಾಗಿಲಿನ ಕಡೆ ನೋಡದೆ ದಾಟುತ್ತಿದ್ದರು. ನನಗೆ ಹನ್ನೆರಡು ತುಂಬಿತ್ತು, ಇದೆಲ್ಲ ಅರ್ಥವಾಗುವ ವಯಸ್ಸು.

ಆದರೂ ಡಬ್ಬಿಗಳನ್ನು ಎತ್ತಿಕೊಂಡು ನಾವು ಅತ್ತೆಯ ಮನೆಗೇ ಹೋದೆವು. ಇನ್ನೆಲ್ಲಿಗೆ ಹೋಗುವುದು. ಬಾಗಿಲು ತಟ್ಟಿದರೆ ಮಗ್ಗ ನಿಂತಿತು, ಅತ್ತೆ ಬಂದು ತೆರೆದರು, ನಮ್ಮ ಕೈಯ ಡಬ್ಬಿಗಳನ್ನು ನೋಡಿದರು. "ಗೋಂದಿಗೆ ಮೈದಾ ಕಾಸಿದ್ದೀನಿ, ಬನ್ನಿ" ಅಂದರು. ನಾವು ಬರುತ್ತೇವೆ ಅಂತ ಮೊದಲೇ ಕಾಸಿಟ್ಟಿದ್ದರು.

ಡಬ್ಬಿಗಳು ಮುಗಿದ ಮೇಲೆ ಒಣಗಬೇಕು. ನೆಲದ ಮೇಲಿಟ್ಟರೆ ಇರುವೆ, ಜಗಲಿಯಲ್ಲಿಟ್ಟರೆ ಆಡು. ಹಿಂದಿನ ವರ್ಷ ಒಬ್ಬಳ ಇಡೀ ಹುಲ್ಲುಗಾವಲನ್ನು ಪಕ್ಕದ ಮನೆಯ ಆಡು ಮೇದು ಹೋಗಿತ್ತು. ಅತ್ತೆ ಒಂದು ಕ್ಷಣ ಯೋಚಿಸಿ, ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ಎಳೆದು ತಂದರು. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. ರಟ್ಟಿನ ಗೋಂದು ಹಲಗೆಗೆ ಅಂಟಬಾರದು ಅಂತ ಬಿಳಿ ಪಂಚೆ ಹಾಸಿದರು. ಒಂದೊಂದೇ ಡಬ್ಬಿ ಇಡಿಸಿದರು. ಮೇಲೆ ಬೆಟ್ಟದ ಆಡು, ಅದರ ಕೆಳಗೆ ಕಾಡಿನವು, ಅದರ ಕೆಳಗೆ ಹೊಲದವು, ತೀರಾ ಕೆಳಗೆ ನೀರಿನವು. ನನ್ನದು ಆ ವರ್ಷ ನೀರುನಾಯಿ, ಭವಾನಿಯದು.

ಆಯುಧಪೂಜೆಯ ಸಂಜೆ. ಅವತ್ತು ಮಗ್ಗಕ್ಕೆ ಪೂಜೆ, ಯಾರೂ ನೇಯುವಂತಿಲ್ಲ. ಹಾಗಾಗಿ ಬಾಗಿಲು ಮುಚ್ಚಿಕೊಂಡು ಸದ್ದು ಮಾಡಲು ಅತ್ತೆಗೆ ಮಗ್ಗವೂ ಇರಲಿಲ್ಲ. ನಾವು ಡಬ್ಬಿಗಳಿಗೆ ಕೊನೆಯ ಬಣ್ಣ ಹಚ್ಚುತ್ತಿದ್ದೆವು. ಬೆಳಕು ಸಾಲದು ಅಂತ ಅತ್ತೆ ಮೆಟ್ಟಿಲ ಎರಡೂ ಕಡೆ ದೀಪ ಹಚ್ಚಿಟ್ಟರು. ಮಕ್ಕಳಿಗೆ ಹಸಿವು ಅಂತ ಕಡಲೆಕಾಳು ಬೇಯಿಸಿ, ತೆಂಗಿನತುರಿ ಹಾಕಿ ಒಗ್ಗರಣೆ ಕೊಟ್ಟರು. ಗಾಳಿಗೆ ಅಂತ ಬಾಗಿಲು ತೆರೆದಿಟ್ಟರು. ಹೊತ್ತಾದರೂ ಮಕ್ಕಳು ಮನೆಗೆ ಬರಲಿಲ್ಲವಲ್ಲ ಅಂತ ನಮ್ಮ ತಾಯಂದಿರು ಬೀದಿಯ ತುದಿಯ ಕೊಲು ನೋಡಿಕೊಂಡು ಹಾಗೇ ಹುಡುಕಿಕೊಂಡು ಬಂದರು. ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

ಅವರ ಹಿಂದೆಯೇ ಓರಗಿತ್ತಿಯೂ ಬಂದರು, ಸುದ್ದಿ ಆಗಲೇ ಮುಟ್ಟಿತ್ತು. ಒಳಗೆ ಇಣುಕಿ ನೋಡಿದರು.

"ಸೆರುಪ್ಪು ಪೆಟ್ಟೀಲಿ ಕೊಲು ಇಟ್ಟಿದ್ದೀಯಾ? ಯಾರಾದ್ರೂ ಮಾಡೋ ಕೆಲಸವಾ ಇದು?"

"ಕೊಲು ಎಲ್ಲಿ ಬಂತು ಅಕ್ಕಾ," ಅಂದರು ಅತ್ತೆ ತಣ್ಣಗೆ. "ಮಕ್ಕಳ ಹೋಮ್‌ವರ್ಕು. ಒಣಗ್ತಾ ಇದೆ."

ಬಾಗಿಲಲ್ಲಿದ್ದವರು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಅತ್ತೆ ದೀಪದ ಬತ್ತಿ ಸರಿಮಾಡುತ್ತಾ ಕೂತಿದ್ದರು. ಯಾರಾದರೂ ಒಬ್ಬರು ಒಳಗೆ ಬರಲಿ ಅಂತ ನಾನು ಇದ್ದಬದ್ದ ದೇವರಿಗೆಲ್ಲ ಕೈಮುಗಿದೆ.

ಬಂದದ್ದು ನಮ್ಮ ಅಜ್ಜಿ. ಎದುರುಮನೆಯ ಜಗಲಿಯಿಂದ ಎದ್ದು, ಹೆಂಗಸರನ್ನು ಸರಿಸಿಕೊಂಡು ಬಂದಳು. ತಾತ ಹೋದಾಗಿನಿಂದ ಅಜ್ಜಿ ಯಾರ ಮನೆಯ ಕೊಲುವಿಗೂ ಕಾಲಿಟ್ಟವಳಲ್ಲ, ಅವಳನ್ನು ಕರೆದವರೂ ಇಲ್ಲ. ನವರಾತ್ರಿಯ ಸಂಜೆಗಳಲ್ಲಿ ಜಗಲಿಯಲ್ಲಿ ಕೂತು ಹೋಗಿಬರುವವರ ಸೀರೆ ನೋಡುವುದಷ್ಟೇ ಅವಳ ಪಾಲಿಗೆ ಇತ್ತು. ನಾನು ಹುಟ್ಟುವ ಮೊದಲಿನಿಂದ ಹಾಗೇ ಇತ್ತಂತೆ. ಒಳಗೆ ಬಂದವಳು ಮೆಟ್ಟಿಲ ಎದುರು ಚಾಪೆಯ ಮೇಲೆ ಕಾಲು ಮಡಿಸಿ ಕೂತಳು, ಕೊಲುವಿನ ಎದುರು ಕೂರುವ ಹಾಗೆ. ಮೇಲಿನಿಂದ ಕೆಳಗಿನ ತನಕ ಒಂದೊಂದು ಡಬ್ಬಿಯನ್ನೂ ನೋಡಿದಳು.

"ಚೆಂದ ಒಣಗ್ತಾ ಇದೆ," ಅಂದಳು. "ಬಂದವರಿಗೆ ಸುಂಡಲ್ ಕೊಡೋದಿಲ್ವಾ ನಿಮ್ಮ ಮನೇಲಿ?"

ಅತ್ತೆ ಬಾಳೆಲೆಯ ಚೂರಿನಲ್ಲಿ ಸುಂಡಲ್ ಹಾಕಿಕೊಟ್ಟರು. ಅಜ್ಜಿ ತಿಂದಳು. ಅವಳ ಹಿಂದೆ ನಮ್ಮ ಅಮ್ಮ ಬಂದು ಕೂತಳು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಸುಂಡಲ್ ತಿಂದು ಮುಗಿಸಿ ಅಮ್ಮ ಏಳಲಿಲ್ಲ. ಮಗ್ಗದ ಪೂಜೆಗೆ ಇಟ್ಟ ತಟ್ಟೆಯಲ್ಲಿ ಕುಂಕುಮ ಇತ್ತು, ಅದನ್ನು ನೋಡಿ, "ಕುಂಕುಮ ಕೊಡಿ ಅಕ್ಕ, ಹೊರಡ್ತೀನಿ" ಅಂದಳು. ಅತ್ತೆ ತಟ್ಟೆ ತಂದು ಅವಳ ಮುಂದೆ ನೆಲದ ಮೇಲಿಟ್ಟರು. "ನೀನೇ ಇಟ್ಕೋ ತಾಯಿ," ಅಂದರು.

"ನಾನೇ ಇಟ್ಕೊಳ್ಳೋದಾದ್ರೆ ನಮ್ಮನೇಲಿ ಇಲ್ವಾ?" ಅಂದಳು ಅಮ್ಮ, ಹಣೆ ಮುಂದೆ ಮಾಡಿ.

ಅತ್ತೆ ಇಟ್ಟರು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದವರು ಸುಮಾರು ಹೊತ್ತು ಬರಲಿಲ್ಲ. ಓರಗಿತ್ತಿ ಬಾಗಿಲಿನಿಂದಲೇ ತಿರುಗಿ ಹೋದರು.

ಗೊಂಬೆಗಳು ವಾಪಸ್ ಬರಲಿಲ್ಲ, ಅತ್ತೆ ಕೇಳಲೂ ಇಲ್ಲ. ಆದರೆ ಪ್ರತಿ ನವರಾತ್ರಿಯಲ್ಲೂ ಅತ್ತೆಯ ಮನೆಯಲ್ಲಿ ಮಕ್ಕಳ ಹೋಮ್‌ವರ್ಕು ಮೆಟ್ಟಿಲ ಮೇಲೆ ಒಣಗಿತು, ಬಾಗಿಲು ತೆರೆದೇ ಇತ್ತು. ವರ್ಷಗಳಾದ ಮೇಲೆ ಓರಗಿತ್ತಿಯ ಗಂಡನೂ ಹೋದರು. ನಾನಾಗ ಕಾಲೇಜಿನಲ್ಲಿದ್ದೆ. ಸಾವಿನ ವರ್ಷ ಕಳೆದು ಬಂದ ನವರಾತ್ರಿಯಲ್ಲಿ ಬೀದಿಯ ತುದಿಯ ಮನೆಯ ಬಾಗಿಲು ಮುಚ್ಚಿತ್ತು. ಅತ್ತೆ ಸಂಜೆ ಹೊತ್ತಿಗೆ ಎಲ್ಲರೂ ನೋಡುವ ಹಾಗೆ ಬೀದಿಯಲ್ಲಿ ನಡೆದುಕೊಂಡು ಹೋಗಿ, ಆ ಬಾಗಿಲು ತಟ್ಟಿ, ಓರಗಿತ್ತಿಯ ಕೈ ಹಿಡಿದು ಕರೆದುಕೊಂಡು ಬಂದರು. ಹಳೆಯ ಒಂದು ಮಾತನ್ನೂ ಎತ್ತಿ ಆಡಲಿಲ್ಲ. ಅವತ್ತು ನನಗೆ ಅನಿಸಿತು, ಇಂಥವರ ಎದುರುಮನೆಯಲ್ಲಿ ಬೆಳೆದದ್ದು ನನ್ನ ಪುಣ್ಯ ಅಂತ. ಈಗಲೂ ಹಾಗೇ ಅನಿಸುತ್ತದೆ.

ಅತ್ತೆ ತೀರಿಕೊಂಡು ಕೆಲವು ವರ್ಷಗಳಾದವು. ಮಗ್ಗದ ಗುಂಡಿಗೆ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಕಿ, ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಊರಿಗೆ ಹೋದಾಗ ಆ ಕಡೆ ನೋಡುವುದು ಈಗಲೂ ಕಷ್ಟ...

ಹೋದ ವರ್ಷದ ಮೊದಲಲ್ಲಿ ನಮ್ಮ ಅಪ್ಪ ಹೋದರು. ಈ ಸಲ ಅಮ್ಮ ಕೊಲು ಇಟ್ಟಿದ್ದಾಳೆ. ಆಯುಧಪೂಜೆಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಮ್ಮ ಬಾಗಿಲಲ್ಲೇ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಮದುವೆಯಾಗಿ ಬೀದಿಗೆ ಹೊಸದಾಗಿ ಬಂದ ಹುಡುಗಿಯರು ಬಂದರು, ಹಣೆ ಮುಂದೆ ಮಾಡಿದರು, ಸುಂಡಲ್ ತಿಂದರು, ನಗುತ್ತಾ ಹೋದರು. ಅಮ್ಮ ಕುಂಕುಮ ಇಡುವುದರಲ್ಲಿ ಏನಾದರೂ ವಿಶೇಷ ಇದೆ ಅಂತ ಒಬ್ಬರಿಗೂ ಅನಿಸಲಿಲ್ಲ. ಈ ಬೀದಿಯಲ್ಲಿ ಹಿಂದಿನಿಂದಲೂ ಹೀಗೇ ಅಂದುಕೊಂಡಿದ್ದಾರೆ, ಪಾಪ. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತು ಬಂದೆ.